ನೆರಳುಹುಲಿ ಮತ್ತು ಹೆಬ್ಬಾಗಿಲ ಮಾಚ

ಬಹಳ ಹಿಂದೆ, ಕಲ್ಲಿಗೂ ನಿದ್ದೆ ಬರುತ್ತಿದ್ದ ಕಾಲದಲ್ಲಿ, ಕೆಂಗಲ್ಲುಕೋಟೆ ಎಂಬ ಒಂದು ರಾಜ್ಯವಿತ್ತು. ಕೋಟೆಯ ಒಳಗೆ ಸಾವಿರ ಜನ. ಒಳಗೆ ಬರಲಿಕ್ಕೂ ಹೊರಗೆ ಹೋಗಲಿಕ್ಕೂ ಇದ್ದದ್ದು ಒಂದೇ ಹೆಬ್ಬಾಗಿಲು. ಅಲ್ಲಿ ಆಳುತ್ತಿದ್ದವನು ಚಿಕ್ಕಕೇತರಾಯ. ಕೆಟ್ಟವನಲ್ಲ. ಆದರೆ ಕಡೆಯಲ್ಲಿ ಯಾರು ಮಾತಾಡಿದರೋ ಅವರ ಮಾತೇ ಅವನಿಗೆ ಸರಿ ಎನಿಸುತ್ತಿತ್ತು. ಅಂಥ ಅರಸರು ಕೆಟ್ಟವರಿಗಿಂತ ಒಂದು ಕೈ ಹೆಚ್ಚೇ ತೊಂದರೆ ಕೊಡುತ್ತಾರೆ.

ಅರಸನ ಅಪ್ಪಣೆಯನ್ನು ತಮಟೆ ಹೊಡೆದು ಸಾರುವುದು ಎಲ್ಲ ರಾಜ್ಯಗಳಲ್ಲೂ ಉಂಟು. ಕೆಂಗಲ್ಲುಕೋಟೆಯಲ್ಲಿ ಅದರ ಮೇಲೊಂದು ಕಟ್ಟಳೆ ಇತ್ತು. ಸಾರಿದ ಬಾಯೇ ಅಪ್ಪಣೆಯನ್ನು ಹಿಂದಕ್ಕೆ ಪಡೆಯಬೇಕು, ಬೇರೆ ಬಾಯಿ ನಡೆಯದು. ಅರಸನ ತಾತನ ಕಾಲದಲ್ಲಿ ಕಳ್ಳನೊಬ್ಬ ತಮಟೆ ಕದ್ದು, "ನಾಳೆಯಿಂದ ಕಾವಲಿಲ್ಲ" ಎಂದು ಸಾರಿ, ಕಾವಲುಗಾರರನ್ನೆಲ್ಲ ಮನೆಗೆ ಕಳಿಸಿಬಿಟ್ಟಿದ್ದನಂತೆ. ಅಂದಿನಿಂದ ಈ ಕಟ್ಟಳೆ. ಒಮ್ಮೆ ಆ ತಾತನಿಗೇ ಸೀನು ಹತ್ತಿ, ಸೋಮವಾರ ಯಾರೂ ಮೆಣಸಿನಕಾಯಿ ಕುಟ್ಟಕೂಡದೆಂದು ಸಾರಿಸಿದ. ಸಾರಿದವನು ಮಾರನೆಯ ದಿನವೇ ತೀರಿಕೊಂಡ. ತಾತನ ಸೀನು ಮೂರು ದಿನಕ್ಕೆ ನಿಂತಿತು. ಕೋಟೆಯೊಳಗೆ ಮಾತ್ರ ನಲವತ್ತು ವರ್ಷವಾದರೂ ಸೋಮವಾರ ಒಬ್ಬರೂ ಮೆಣಸಿನಕಾಯಿ ಕುಟ್ಟುತ್ತಿರಲಿಲ್ಲ.

ಒಂದು ಬೇಸಿಗೆ, ನಡುಮಧ್ಯಾಹ್ನ, ಕೋಟೆಯ ಹೊರಗಿನ ಕೆರೆಯ ದಂಡೆಯಲ್ಲಿ ಅಗಸರಿಬ್ಬರು ಬಿಳಿ ಪಂಚೆಗಳನ್ನು ಒಣಹಾಕುತ್ತಿದ್ದರು. ಆ ಪಂಚೆಗಳ ಮೇಲೆ ಒಂದು ಹುಲಿಯ ನೆರಳು ನಡೆದು ಬಂತು. ಕಿವಿ, ಬಾಲ, ಹೆಜ್ಜೆ ಎತ್ತಿ ಇಡುವ ಮೆಲ್ಲನೆಯ ಹದ, ಎಲ್ಲ ಇತ್ತು. ಹುಲಿ ಮಾತ್ರ ಇರಲಿಲ್ಲ. ನೆರಳು ಒಂದೊಂದೇ ಪಂಚೆ ದಾಟಿ, ದೊಡ್ಡ ಅಗಸನ ಮೇಲೆ ಬಿತ್ತು. ಆಮೇಲೆ ಅಲ್ಲಿ ಅವನು ಉಟ್ಟಿದ್ದ ಬಟ್ಟೆ ಇತ್ತು. ಅವನಿರಲಿಲ್ಲ. ಮಾರನೆಯ ದಿನ ಕುಂಬಾರರ ಸೊಸೆ ಹಾಗೇ ಹೋದಳು. ಅದರ ಮಾರನೆಯ ದಿನ ಕುರಿ ಕಾಯುವವನು ಹೋದ. ಅವನ ಕುರಿಗಳು ಸಂಜೆಯವರೆಗೂ ಅವನ ಕಂಬಳಿಯ ಸುತ್ತ ನಿಂತಿದ್ದವು.

ಅರಸ ಸಭೆ ಕರೆದ. ದಳವಾಯಿ ಎದ್ದು, "ಇದು ಶತ್ರುವಲ್ಲ, ಹುಲಿ. ಬೇಟೆಯವರು ನೋಡಿಕೊಳ್ಳಲಿ" ಎಂದ. ಬೇಟೆಯವರ ಮುಖ್ಯಸ್ಥ, "ಮೈಯಿಲ್ಲ, ಹೆಜ್ಜೆಯಿಲ್ಲ. ನೆರಳು ಅಂದಮೇಲೆ ಜೋಯಿಸರದು" ಎಂದ. ಜೋಯಿಸರು, "ಗ್ರಹಣದ ನೆರಳು ನನ್ನದು. ಹುಲಿಯ ನೆರಳು ನನ್ನದಲ್ಲ" ಎಂದರು. ಹೀಗೆ ಏಳು ದಿನ ಸಭೆ ನಡೆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೊರಗೆ ಮಾತ್ರ ದಿನವೂ ಒಬ್ಬೊಬ್ಬರ ಬಟ್ಟೆ ಸಿಗುತ್ತಿತ್ತು.

ಎಂಟನೆಯ ದಿನ ಬೂದಿಸಿದ್ಧ ಎಂಬ ಮಂತ್ರವಾದಿ ಬಂದ. ಬೆನ್ನು ಬಾಗಿದ ಮುದುಕ, ಹುಬ್ಬು ಕೂಡ ಬೆಳ್ಳಗಾಗಿತ್ತು. ತಲೆಯ ಮೇಲೆ ತಾಳೆಗರಿಯ ದೊಡ್ಡ ಕೊಡೆ. ಆ ಕೊಡೆಯನ್ನು ಅವನು ಅರಮನೆಯ ಒಳಗೂ ಮಡಿಸಲಿಲ್ಲ.

"ಮಹಾಸ್ವಾಮಿ, ಮೂರು ಅಪ್ಪಣೆ ಹೊರಡಿಸಿ. ಕೋಟೆ ಉಳಿಯುತ್ತದೆ" ಎಂದ.

ಕಡೆಯಲ್ಲಿ ಮಾತಾಡಿದವನು ಅವನೇ ಆದ್ದರಿಂದ ಅರಸನಿಗೆ ಅದೇ ಸರಿ ಎನಿಸಿತು. ಸಾರುವ ಬೊಮ್ಮಯ್ಯನನ್ನು ಕರೆಸಿದರು. ಬೊಮ್ಮಯ್ಯನ ದನಿ ದೊಡ್ಡದು. ಅವನು ಮಾರುಕಟ್ಟೆಯಲ್ಲಿ ಕೂಗಿದರೆ ಅರಮನೆಯಲ್ಲಿ ಪಾರಿವಾಳ ಏಳುತ್ತಿದ್ದವು.

"ಕೇಳ್ರಪ್ಪೋ ಕೇಳಿ! ಇವತ್ತಿನಿಂದ ಹೆಬ್ಬಾಗಿಲು ಮುಚ್ಚೈತೆ. ಒಳಗಿನೋರು ಹೊರಗಿಲ್ಲ, ಹೊರಗಿನೋರು ಒಳಗಿಲ್ಲ!" ಇದು ಒಂದು.

"ಕೇಳ್ರಪ್ಪೋ ಕೇಳಿ! ಹುಲಿ ನಿಮ್ಮೋರ ದನೀಲೇ ಕರೀತೈತೆ. ನಡುಮಧ್ಯಾಹ್ನದಿಂದ ಹೊತ್ತು ಮುಳುಗೋಗಂಟ ಎಲ್ಲಾರೂ ಕಿವಿಗೆ ಅರಳೆ ಇಟ್ಕಂಡು, ಬಾಗಿಲು ಹಾಕ್ಕಂಡು ಮನೇಲಿರಬೇಕು!" ಇದು ಎರಡು.

"ಕೇಳ್ರಪ್ಪೋ ಕೇಳಿ! ಹೆಬ್ಬಾಗಿಲು ತೆಗೀರಿ ಅಂದೋನು ಹುಲಿ ಕಡೆಯೋನು!" ಇದು ಮೂರು.

ಮೂರು ಅಪ್ಪಣೆ ಸಾರಿದ ಮಾರನೆಯ ದಿನ ಬೊಮ್ಮಯ್ಯ ಕಾಣೆಯಾದ. ಬಾವಿಕಟ್ಟೆಯ ಮೇಲೆ ಅವನ ತಮಟೆ ಮಾತ್ರ ಬಿದ್ದಿತ್ತು. ಹೆದರಿ ಓಡಿಹೋಗಿದ್ದಾನೆ ಎಂದು ಬೂದಿಸಿದ್ಧ ಹೇಳಿದ. ಮುಚ್ಚಿದ ಕೋಟೆಯಿಂದ ಓಡಿಹೋಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹುಲಿಯ ಕಡೆಯವರಾಗುತ್ತಿದ್ದರು.

ಈಗ ಹೆಬ್ಬಾಗಿಲಿಗೆ ಬರೋಣ. ಅಲ್ಲಿ ಹನ್ನೆರಡು ಮಂದಿ ಕಾವಲುಗಾರರು. ಅವರಲ್ಲೊಬ್ಬ ಮಾಚ. ಹತ್ತು ವರ್ಷದಿಂದ ಕಾವಲಿದ್ದ, ಒಂದು ದಿನವೂ ಪಾಳಿ ತಪ್ಪಿಸಿದವನಲ್ಲ. ಅವನ ಹೆಂಡತಿ ದೇಮವ್ವ, ಮೂರು ವರ್ಷದ ಮಗಳು ಸಣ್ಣಿಯನ್ನು ಕಂಕುಳಲ್ಲಿ ಎತ್ತಿಕೊಂಡು, ತಂಗಿಯ ಸೀಮಂತಕ್ಕೆಂದು ಹೊಳೆಯಾಚೆ ಹೋಗಿದ್ದಳು. ಎರಡು ದಿನದಲ್ಲಿ ಬರುತ್ತೇನೆ ಎಂದಿದ್ದಳು. ಅವಳು ಬರುವ ಹೊತ್ತಿಗೆ ಬಾಗಿಲು ಮುಚ್ಚಿತ್ತು.

ಹೊರಗೆ ಉಳಿದವರು ದಿನವೂ ನಡುಮಧ್ಯಾಹ್ನ ಬಂದು ಬಾಗಿಲು ಬಡಿಯುತ್ತಿದ್ದರು. ಒಳಗಿನ ಕಾವಲುಗಾರರ ಕಿವಿಯಲ್ಲಿ ಅರಳೆ. ದನಿ ಕೇಳದು. ಆದರೆ ಹಲಸಿನ ಮರದ ಆ ದಪ್ಪ ಬಾಗಿಲಿಗೆ ಅಂಗೈ ಒತ್ತಿದರೆ ಬಡಿತ ತಿಳಿಯುತ್ತಿತ್ತು. ದೊಡ್ಡ ಕೈಗಳ ಬಡಿತ, ಕಲ್ಲಿನ ಬಡಿತ, ತೀರ ಕೆಳಗೆ ಪುಟ್ಟ ಕೈಗಳ ಬಡಿತ. ಮಾಚ ಅಂಗೈ ಒತ್ತಿ ಬಹಳ ಹೊತ್ತು ನಿಲ್ಲುತ್ತಿದ್ದ. "ಯಾರು?" ಎಂದು ಜೊತೆಯವರು ಸನ್ನೆ ಮಾಡಿದರೆ, ಗೊತ್ತಿಲ್ಲ ಎಂದು ತಲೆಯಾಡಿಸುತ್ತಿದ್ದ. ಬಾಗಿಲ ಆಚೆ ಹುಲಿ ಇದೆ, ಹುಲಿಯ ಬಾಯಿಗೆ ಹೆಂಡತಿ ಮಗಳನ್ನು ಬಿಟ್ಟಿದ್ದೇನೆ ಎಂಬ ಒಂದೇ ಯೋಚನೆ ಅವನ ಎದೆಯಲ್ಲಿ ಹಗಲಿಡೀ ಕೂತಿರುತ್ತಿತ್ತು.

ಹತ್ತೊಂಬತ್ತನೆಯ ಮಧ್ಯಾಹ್ನ ಬಡಿತ ಬರಲಿಲ್ಲ. ಮಾಚ ಎರಡೂ ಅಂಗೈ ಒತ್ತಿದ, ಕೆನ್ನೆ ಒತ್ತಿದ. ಮರ ಸುಮ್ಮನಿತ್ತು. ಮಾರನೆಯ ಬೆಳಿಗ್ಗೆ ಅವನು ಕೋಟೆಯ ಅಧಿಕಾರಿ ಕಿಲ್ಲೇದಾರ ಸಂಗಪ್ಪಯ್ಯನ ಮುಂದೆ ಹೋಗಿ ನಿಂತ.

"ಬುದ್ಧಿ, ಹೊರಗಿನೋರು ಬಡಿಯೋದು ನಿಂತೋಗಿದೆ. ಬಾಗಿಲು ತೆಗೆದು ಒಂದು ಸಲ ನೋಡೋಣ."

"ಮಾಚಾ, ನನ್ನ ಅಕ್ಕನ ಮಕ್ಕಳೂ ಹೊರಗಿದಾರೆ ಕಣಯ್ಯ. ನಂಗೇನು ಕರುಳಿಲ್ವಾ? ಬೊಮ್ಮಯ್ಯನ ಬಾಯಿಂದ ಒಂದು ಮಾತು ಬರಲಿ, ಈ ಗಳಿಗೇಲೇ ತೆಗೆಸ್ತೀನಿ."

"ಬೊಮ್ಮಯ್ಯ ಇಲ್ಲವಲ್ಲ ಬುದ್ಧಿ."

"ಅದಕ್ಕೇ ತೆಗೆಸೋ ಹಾಗಿಲ್ಲ" ಎಂದ ಕಿಲ್ಲೇದಾರ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಆದರೂ ಹೇಳಿದ. "ಬೇಕಾದ್ರೆ ಅರಸರನ್ನೇ ಕೇಳು. ಆದರೆ ಅರಮನೆಗೆ ಹೋದೋರು ಹಿಂದಕ್ಕೆ ಬಂದದ್ದು ನಾನು ನೋಡಿಲ್ಲಪ್ಪ."

ಮಾಚ ಅರಮನೆಗೆ ಹೊರಟ. ಅರಸನ ರಕ್ಷಣೆಗೆಂದು ಬೂದಿಸಿದ್ಧ ಅಲ್ಲಿ ಮೂರು ಬಾಗಿಲಿಗೆ ಮೂರು ಮಾಯದ ಕಾವಲು ಇಟ್ಟಿದ್ದ.

ಮೊದಲ ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಕತ್ತೆಕಿರುಬ ಕೂತಿತ್ತು. ಅದರ ಮುಖದಲ್ಲಿ ಮನುಷ್ಯರ ನಗೆ. ಪಕ್ಕದಲ್ಲಿ ಏಳೆಂಟು ಜನ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಒಬ್ಬ ತಿರುಗಿ, ಮೆಲ್ಲಗೆ, "ಅಣ್ಣಾ, ನಾನು ಯಾರು ಅಂತ ನಿನಗೇನಾದ್ರೂ ಗೊತ್ತಾ?" ಎಂದು ಕೇಳಿದ. ಅರಮನೆಯ ಅಡುಗೆಯವನು ಅವನು.

"ಹೆಸರು ಹೇಳು" ಎಂದಿತು ಕತ್ತೆಕಿರುಬ.

ಕಾವಲಿನ ಹೊತ್ತಿನಲ್ಲಿ ಕಾವಲುಗಾರರು ಹೆಸರು ಹೇಳುವುದಿಲ್ಲ, ಜಾಗ ಹೇಳುತ್ತಾರೆ. ಬುರುಜಿನವನು ಬುರುಜು, ಬಾಗಿಲಿನವನು ಬಾಗಿಲು. ಹತ್ತು ವರ್ಷದ ಅಭ್ಯಾಸ ಮಾಚನ ಬಾಯಿಗೆ ತಾನಾಗಿ ಬಂತು.

"ಹೆಬ್ಬಾಗಿಲು" ಎಂದ.

"ಅದು ನಿನ್ನ ಹೆಸರಲ್ಲ."

"ಪಾಳಿ ಮುಗಿಯೋವರೆಗೂ ಇದೇ."

ಕತ್ತೆಕಿರುಬ ಬಾಯಿ ತೆರೆಯಿತು, ಮುಚ್ಚಿತು. ಕೊಡದ ಹೆಸರನ್ನು ಅದು ತಿನ್ನುವುದು ಹೇಗೆ? ಮಾಚ ದಾಟಿದ.

ಎರಡನೆಯ ಬಾಗಿಲಿಗೆ ಹಿತ್ತಾಳೆಯ ಉಡವೊಂದು ಕಚ್ಚಿಕೊಂಡಿತ್ತು. ಅದರ ಹಿಂದೆ ಗೋಡೆಯ ಗೂಟಗಳಿಗೆ ಸಾಲಾಗಿ ನೆರಳುಗಳನ್ನು ನೇತುಹಾಕಿದ್ದರು. ಗಾಳಿಯಿಲ್ಲದಿದ್ದರೂ ಅವು ಸಣ್ಣಗೆ ಅಲ್ಲಾಡುತ್ತಿದ್ದವು.

"ನೆರಳು ಒತ್ತೆ ಇಟ್ಟು ಹೋಗು. ಹಿಂದಿರುಗುವಾಗ ಕೊಡುತ್ತೇನೆ" ಎಂದಿತು ಉಡ.

ಒತ್ತೆಯ ಕೆಲಸ ಮಾಚನಿಗೆ ಹೊಸದಲ್ಲ. ಹೆಬ್ಬಾಗಿಲಲ್ಲಿ ಯಾರಾದರೂ ಕತ್ತಿ ಕಳಚಿಟ್ಟು ಒಳಗೆ ಬಂದರೆ, ಗುರುತಿಗೆ ಒಂದು ತಾಮ್ರದ ಬಿಲ್ಲೆ ಕೊಡುವುದು ಪದ್ಧತಿ.

"ಇಡ್ತೀನಿ. ಬಿಲ್ಲೆ ಕೊಡು."

"ಬಿಲ್ಲೆ?"

"ಬಿಲ್ಲೆ ಇಲ್ಲದೆ ಇಟ್ಟುಕೊಂಡರೆ ಅದು ಕಾವಲಲ್ಲಪ್ಪ, ಕಳ್ಳತನ."

"ಇದುವರೆಗೂ ಯಾರೂ ಕೇಳಿರಲಿಲ್ಲ" ಎಂದು ಉಡ ಗೊಣಗುತ್ತಾ ಬಿಲ್ಲೆ ಹುಡುಕಲು ಗೋಡೆ ಹತ್ತಿ ಹೋಯಿತು. ಎಲ್ಲಿ ಸಿಗಬೇಕು? ಮಾಚ ದಾಟಿದ, ಅವನ ಹಿಂದೆ ಅವನ ನೆರಳೂ ದಾಟಿತು.

ಮೂರನೆಯ ಬಾಗಿಲ ತುಂಬ ಒಂದು ಕಲ್ಲಾನೆ ನಿಂತಿತ್ತು. ಒಂದು ಇರುವೆ ನುಸುಳಲೂ ಸಂದಿಯಿರಲಿಲ್ಲ. ಅದು ಏನೂ ಕೇಳಲಿಲ್ಲ. ಮಾಚ ಅದರ ಮುಖ ನೋಡಿದ. ಕಣ್ಣಿನಿಂದ ಸೊಂಡಿಲಿನವರೆಗೆ ನೀರು ಹರಿದು ಕಲ್ಲು ಕರ್ರಗಾಗಿತ್ತು. ಆ ಕಣ್ಣು ಅವನಿಗೆ ಗೊತ್ತು. ಎರಡು ಪಾಳಿ ಒಟ್ಟಿಗೆ ಮಾಡಿದವರ ಕಣ್ಣು ಅದು.

"ಎಷ್ಟು ದಿನದಿಂದ ನಿಂತಿದೀಯ?"

"ನಿಲ್ಲಿಸಿದ ದಿನದಿಂದ" ಎಂದಿತು ಆನೆ.

"ಬದಲಿಗೆ ಯಾರೂ ಬರಲಿಲ್ವಾ?"

"ಯಾರೂ ಬರಲಿಲ್ಲ."

ಮಾಚನಿಗೆ ನಿಜವಾಗಿ ಸಂಕಟವಾಯಿತು. "ನಾನು ಬಂದಿದೀನಿ. ಪಾಳಿ ಬದಲಾಯ್ತು, ಹೋಗಿ ಮಲಗು" ಎಂದ. ಆನೆ ನಿಟ್ಟುಸಿರು ಬಿಟ್ಟಿತು. ಆ ಉಸಿರಿಗೆ ಅಂಗಳದ ಧೂಳೆಲ್ಲ ಎದ್ದಿತು. ಪಕ್ಕಕ್ಕೆ ಸರಿದು, ಕಾಲು ಮಡಿಸಿ, ಅಲ್ಲೇ ನಿದ್ದೆ ಹೋಯಿತು. ಬಾಗಿಲು ತೆರೆದೇ ಉಳಿಯಿತು.

ಒಳಗೆ ತೆರೆದ ಅಂಗಳದಲ್ಲಿ ಅರಸ ಒಬ್ಬನೇ ಕೂತಿದ್ದ. ಆಳುಗಳಿಲ್ಲ, ಮಂತ್ರಿಗಳಿಲ್ಲ, ಬೀಸಣಿಗೆ ಬೀಸುವವರಿಲ್ಲ. ಮಾಚನನ್ನು ಕಂಡು ಒಂದು ಕಿವಿಯ ಅರಳೆ ತೆಗೆದ.

"ಮಹಾಸ್ವಾಮಿ, ಹೆಬ್ಬಾಗಿಲು ತೆಗೆಯೋಕೆ ಅಪ್ಪಣೆಯಾಗಬೇಕು."

"ನನಗೂ ತೆಗೆಸಬೇಕು ಅಂತಲೇ ಇದೆ ಮಾಚ" ಎಂದ ಅರಸ. ದನಿ ಮಕ್ಕಳ ದನಿಯಂತಿತ್ತು. "ಅಮ್ಮ ಮೂರು ದಿನದಿಂದ ಕಾಣುತ್ತಿಲ್ಲ. ಎಲ್ಲರೂ ನನ್ನ ಬಿಟ್ಟು ಓಡಿಹೋದರಂತೆ. ಸಿದ್ಧರು ಹೇಳಿದರು. ಆದರೆ ಸಾರಿದ ಬಾಯಿ ಇಲ್ಲದೆ ನಾನೇನು ಮಾಡಲಿ?"

"ಬೊಮ್ಮಯ್ಯನ ಬಾಯಿ ತಂದುಕೊಡು, ತೆಗೆಸೋಣ" ಎಂದು ಹಿಂದಿನಿಂದ ಯಾರೋ ಅಂದರು.

ಮಾಚ ತಿರುಗಿದ. ಬಿಸಿಲಲ್ಲಿ ಕೊಡೆ ಹಿಡಿದು ಬೂದಿಸಿದ್ಧ ನಿಂತಿದ್ದ. ಬೆನ್ನು ನೆಟ್ಟಗಾಗಿತ್ತು. ಬಿಳಿಯ ಹುಬ್ಬು ಕಪ್ಪಗಾಗಿತ್ತು. ಇಪ್ಪತ್ತು ದಿನದ ಹಿಂದೆ ಹೆಬ್ಬಾಗಿಲಲ್ಲಿ ಮಾಚ ತಾನೇ ಕೈಹಿಡಿದು ಒಳಗೆ ಬಿಟ್ಟ ಮುದುಕ ಮೂವತ್ತರ ಗಂಡಸಾಗಿದ್ದ. ಮಾಚ ತಲೆ ತಗ್ಗಿಸಿದ. ನೆಲದ ಮೇಲೆ ಕೊಡೆಯ ನೆರಳು ದುಂಡಗೆ ಬಿದ್ದಿತ್ತು. ಹೊತ್ತು ಪಡುವಣಕ್ಕೆ ಒಂದಿಷ್ಟು ವಾಲಿದ್ದರಿಂದ ಕೊಡೆಯ ಕೆಳಗಿದ್ದ ಅವನ ಕಾಲಿಗೆ ಬಿಸಿಲು ತಾಗುತ್ತಿತ್ತು. ಆ ಕಾಲಿಗೆ ನೆರಳಿರಲಿಲ್ಲ.

ಮಾಚ ಕೈಮುಗಿದು, ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಬಂದ.

ದಾರಿಯಲ್ಲಿ ಅವನು ಇಷ್ಟು ದಿನ ಮಾಡದ ಒಂದು ಕೆಲಸ ಮಾಡಿದ. ಅಪ್ಪಣೆಯಂತೆ ಬಾಗಿಲು ಹಾಕಿಕೊಂಡಿದ್ದ ಮನೆಗಳ ಕಿಟಕಿಯಲ್ಲಿ ಇಣುಕಿದ. ಮೊದಲ ಮನೆಯಲ್ಲಿ ಒಲೆಯ ಮುಂದೆ ಒಂದು ಸೀರೆ ಬಿದ್ದಿತ್ತು. ಎರಡನೆಯ ಮನೆಯಲ್ಲಿ ತೊಟ್ಟಿಲ ಪಕ್ಕ ಒಂದು ಪಂಚೆ. ಮೂರನೆಯ ಮನೆಯಲ್ಲಿ ಊಟಕ್ಕೆ ಕೂತಂತೆ ಐದು ತಟ್ಟೆ, ಐದು ಮಣೆ, ಮಣೆಗಳ ಮೇಲೆ ಐದು ಜೊತೆ ಬಟ್ಟೆ. ಬಾಗಿಲುಗಳಿಗೆಲ್ಲ ಒಳಗಿನಿಂದ ಅಗುಳಿ ಹಾಕಿತ್ತು. ಪಕ್ಕದ ಮನೆಯವರ ಕಿವಿಯಲ್ಲಿ ಅರಳೆ ಇದ್ದದ್ದರಿಂದ ಯಾರ ಕೂಗೂ ಯಾರಿಗೂ ಕೇಳಿರಲಿಲ್ಲ.

ಹೆಬ್ಬಾಗಿಲಲ್ಲಿ ಹನ್ನೆರಡು ಕಾವಲುಗಾರರಲ್ಲಿ ಮಾಚನನ್ನು ಬಿಟ್ಟರೆ ಇಬ್ಬರು ಉಳಿದಿದ್ದರು. ಉಳಿದವರು ಪಾಳಿ ತಪ್ಪಿಸುತ್ತಿದ್ದಾರೆ ಎಂದು ಇವರು ಬೈದುಕೊಂಡು ನಿಂತಿದ್ದರು. ಮಾಚ ಹೋದವನೇ, ಈ ಸಲ ಕಿವಿಗೆ ಅರಳೆ ಇಡದೆ, ಮರಕ್ಕೆ ಕಿವಿ ಒತ್ತಿದ. ಆಚೆ ಬಡಿತ ಮತ್ತೆ ಶುರುವಾಗಿತ್ತು. ಬಡಿತದ ನಡುವೆ ಒಂದು ಒಡೆದ ದನಿ.

"ಏನಂದ್ರೇ! ಒಳಗೆ ಬಿಡಿ ಅಂತಲ್ಲ ನಾವು ಬಡೀತಿರೋದು! ನೀವು ಹೊರಗೆ ಬನ್ನಿ ಅಂತ! ಅದು ಒಳಗೈತೆ! ಇಪ್ಪತ್ತು ದಿನದಿಂದ ಒಳಗೇ ಐತೆ!"

"ದೇಮೀ?"

ಆಚೆಯಿಂದ ದೇಮವ್ವ ಅಳುತ್ತಾ ಹೇಳಿದಳು. "ಎದುರುಗುಡ್ಡ ಹತ್ತಿದ್ರೆ ಕೋಟೆ ಒಳಗೆಲ್ಲ ಕಾಣ್ತೈತೆ. ದಿನಾ ನೋಡ್ತಿದೀವಿ. ನಡುಮಧ್ಯಾಹ್ನ ಬೀದೀಲಿ ಓಡಾಡ್ತೈತೆ, ಗೋಡೆ ಹತ್ತುತೈತೆ, ಮನೆಮನೆಗೂ ಹೋಗ್ತೈತೆ. ಈ ಹೊಸ್ತಿಲಿಗೆ ಬಂದು ಮೂಸಿ ವಾಪಸ್ ಹೋಗ್ತೈತೆ, ಆದ್ರೆ ದಾಟಲ್ಲ. ನಿನ್ನೆ ನಿಮ್ಮ ಪಕ್ಕದಲ್ಲೇ ಮಲಗಿತ್ತು. ನಿಮ್ಮನ್ನ ತಿಂದೇಬಿಡ್ತು ಅಂತ ನಮಗ್ಯಾರಿಗೂ ಕೈಯೇ ಏಳಲಿಲ್ಲ."

ಆಗ ಮಾಚನಿಗೆ ಎಲ್ಲ ತಿಳಿಯಿತು. ಒಡೆಯ ದಾಟದೆ ಊರಿನ ಹೆಬ್ಬಾಗಿಲ ಹೊಸ್ತಿಲನ್ನು ಅವನ ನೆರಳು ದಾಟುವುದಿಲ್ಲ. ಹುಲಿ ಬೂದಿಸಿದ್ಧನ ನೆರಳು. ಅವನು ಹೊರಗಿದ್ದಾಗ ಅದು ಹೊರಗೆ ಮೇಯುತ್ತಿತ್ತು, ಒಳಗೆ ಬಂದಮೇಲೆ ಒಳಗೆ. ಅದು ಒಬ್ಬೊಬ್ಬರನ್ನು ತಿಂದಂತೆಲ್ಲ ಅವನ ಪ್ರಾಯ ಒಂದೊಂದು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂದು ಗಾದೆ ಹೇಳಿ ನಗುತ್ತೇವಲ್ಲ, ಇವರು ಸೂರೆಮಾಡುವವನನ್ನೇ ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದ್ದರು.

ಮಾಚ ಬಾವಿಕಟ್ಟೆಗೆ ಓಡಿ ಬೊಮ್ಮಯ್ಯನ ತಮಟೆ ಎತ್ತಿಕೊಂಡ. ತಮಟೆಯ ಪೆಟ್ಟು ಕಿವಿಗೆ ಕೇಳದಿದ್ದರೂ ಎದೆಗೆ ತಿಳಿಯುತ್ತದೆ. ಬಾಗಿಲ ಹಿಂದೆ ಉಳಿದಿದ್ದವರು ಒಬ್ಬೊಬ್ಬರೇ ಅರಳೆ ತೆಗೆದು ಹೊರಗೆ ಬಂದರು. ಸಾವಿರ ಜನರಲ್ಲಿ ಇನ್ನೂರು ಚಿಲ್ಲರೆ ಮಂದಿ, ಅರಮನೆಯ ಗೋಡೆಯ ಬಳಿ ನಿಂತಿದ್ದ ಹೆಸರಿಲ್ಲದವರೂ ಸೇರಿ. ಬೀದಿಯಲ್ಲಿ ನಿಂತು ಅಕ್ಕಪಕ್ಕ ನೋಡುತ್ತಾ, ಎಲ್ಲಿ ಇವರು, ಎಲ್ಲಿ ಅವರು ಎಂದು ಹುಡುಕಿದರು. ಆಗ ಎದ್ದ ಅಳು ಕೇಳಬಾರದಂಥದ್ದು.

ಕಿಲ್ಲೇದಾರ ಓಡಿಬಂದ. "ಮಾಚಾ! ಅಪ್ಪಣೆ ಹಿಂದಕ್ಕೆ ತಗೊಳ್ಳೋಕೆ ನಿಂಗೇನೋ ಹಕ್ಕಿದೆ?"

"ಇಲ್ಲ ಬುದ್ಧಿ. ಅಪ್ಪಣೆ ಹಾಗೇ ಇರಲಿ, ನಾನು ಅದನ್ನ ಮುಟ್ಟಿಲ್ಲ. ನಾನು ಬಾಗಿಲು ತೆಗೀತೀನಿ, ಅಷ್ಟೇ. ತೆಗೆದದ್ದಕ್ಕೆ ಏನು ಶಿಕ್ಷೆಯೋ ಅದು ನನ್ನದು. ಬರೋರು ಬನ್ನಿ."

ಮೂವರು ಕಾವಲುಗಾರರು ಸೇರಿ ಅಗುಳಿಯ ತೊಲೆ ಸರಿಸಿದರು. ಜನ ಹೊರಕ್ಕೆ ನುಗ್ಗಿದರು. ಕಿಲ್ಲೇದಾರ ಹೊಸ್ತಿಲ ಮೇಲೆ ನಿಂತು ಎರಡು ಸಲ ಒಳಗೆ ನೋಡಿ, ಎರಡು ಸಲ ಹೊರಗೆ ನೋಡಿ, ಕಡೆಗೆ ಅಕ್ಕನ ಮಕ್ಕಳನ್ನು ಕಂಡು ಹೊರಕ್ಕೇ ಓಡಿದ. ದೇಮವ್ವ ಸಣ್ಣಿಯನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಎರಡೂ ಕೈ ಊದಿ, ಬೆರಳು ಮಡಿಸಲಾಗದಂತಿದ್ದವು.

"ಬನ್ನಿ ಅಂದ್ರೆ!" ಎಂದಳು.

"ಅರಸರು ಬರಬೇಕು" ಎಂದ ಮಾಚ.

ತಮಟೆಯ ಸದ್ದು ಮಲಗಿದ ಕಲ್ಲಾನೆಯನ್ನು ದಾಟಿ ಅರಮನೆಯ ಅಂಗಳಕ್ಕೂ ಹೋಗಿತ್ತು. "ನೀನು ಹೋದರೆ ರಾಜ್ಯ ಹೋಯಿತು" ಎಂದು ಬೂದಿಸಿದ್ಧ ಅರಸನ ಕೈ ಹಿಡಿದ. ಆದರೆ ಅಂಗಳದ ತಲೆಬಾಗಿಲಿನಿಂದ ಅರಸನಿಗೆ ದೂರದಲ್ಲಿ ತೆರೆದ ಹೆಬ್ಬಾಗಿಲೂ ಅದರಾಚೆ ಬೆಳಕೂ ಕಂಡವು. ಕೈ ಕೊಡವಿ ಓಡಿದ. ಬರಿಗಾಲು, ಬರಿತಲೆ.

ಅವನ ಹಿಂದೆ ಬೀದಿಯ ತುಂಬ ನೆರಳು ಬಂತು. ಸದ್ದಿಲ್ಲ. ಇಳಿಬಿಸಿಲಿಗೆ ಅದು ಮೂರು ಮನೆ ಉದ್ದವಾಗಿತ್ತು. ಒಂದು ಕಿವಿ ಈ ಗೋಡೆಯ ಮೇಲೆ, ಒಂದು ಕಿವಿ ಆ ಗೋಡೆಯ ಮೇಲೆ. ಹೊಸ್ತಿಲು ಹತ್ತು ಹೆಜ್ಜೆ ಇರುವಾಗ ಅರಸ ಎಡವಿ ಬಿದ್ದ. ಮಾಚ ಒಳಗೆ ನುಗ್ಗಿ, ಅವನ ತೋಳು ಹಿಡಿದು ದರದರನೆ ಎಳೆದ. ನೆರಳಿನ ಪಂಜ ಮಾಚನ ಎಡಗಾಲನ್ನು ಸವರಿತು. ಬಾವಿಯ ತಳದಲ್ಲಿ ಕಾಲಿಟ್ಟ ಹಾಗಾಯಿತು. ಇಬ್ಬರೂ ಹೊರಗೆ ಬಿದ್ದರು.

ಆ ಬಾಗಿಲಿಗೆ ಹೊರಗಿನಿಂದ ಅಗುಳಿಯಿಲ್ಲ. ಜನ ಅದರ ಕಬ್ಬಿಣದ ಬಳೆಗಳಿಗೆ ಹಗ್ಗ ಕಟ್ಟಿ, ನೂರಾರು ಕೈ ಸೇರಿ ಎಳೆದು ಹಿಡಿದರು. ಒಳಗೆ ಈಗ ಉಳಿದದ್ದು ಇಬ್ಬರೇ. ಸಾಕಿದವನು ಮತ್ತು ಸಾಕಿದ ನೆರಳು. ಸಾಕಿದ ನೆರಳಿಗೆ ಹೊತ್ತು ಮುಳುಗುವುದರೊಳಗೆ ಯಾರಾದರೂ ಬೇಕು. ಬೇರೆ ಯಾರೂ ಇಲ್ಲದಿದ್ದರೆ ಸಾಕಿದವನೇ ಆಗಬೇಕು.

ಬೂದಿಸಿದ್ಧ ಬಾಗಿಲಿಗೆ ಬಂದು ಬಡಿದ. ಮೊದಲು ತನ್ನ ದನಿಯಲ್ಲಿ ಬೇಡಿದ. ಆಮೇಲೆ ಅರಸನ ತಾಯಿಯ ದನಿಯಲ್ಲಿ ಕರೆದ. ಆಮೇಲೆ ಕುಂಬಾರರ ಸೊಸೆಯ ದನಿಯಲ್ಲಿ. ಹಗ್ಗ ಹಿಡಿದವರು ಕಣ್ಣು ಮುಚ್ಚಿ ಅಳುತ್ತಾ ಹಿಡಿದೇ ಇದ್ದರು. ಆಗ ಒಳಗಿನಿಂದ ದೊಡ್ಡ ದನಿಯೊಂದು ಎದ್ದಿತು.

"ಕೇಳ್ರಪ್ಪೋ ಕೇಳಿ! ಮೂರು ಅಪ್ಪಣೇನೂ ಹಿಂದಕ್ಕೆ ತಗಂಡೈತೆ! ಹೆಬ್ಬಾಗಿಲು ತೆಗೀರಿ!"

"ಬೊಮ್ಮಯ್ಯ!" ಎಂದು ಕಿಲ್ಲೇದಾರ ಕುಣಿದ. "ಸಾರಿದ ಬಾಯಿ! ಕಟ್ಟಳೆ ಪ್ರಕಾರ ಆಯ್ತು! ಬಿಡ್ರೋ ಹಗ್ಗ!" ಎಂದವನೇ ತಾನೂ ಬಿಟ್ಟ. ಅವನನ್ನು ನೋಡಿ ಹತ್ತು ಜನ ಬಿಟ್ಟರು, ಇಪ್ಪತ್ತು ಜನ ಬಿಟ್ಟರು. ತಲತಲಾಂತರದಿಂದ ಸಾರುವವರ ದನಿಗೆ ಮಣಿದ ಕೈಗಳು, ಅವುಗಳ ತಪ್ಪೇನು? ಬಾಗಿಲು ಒಂದು ಗೇಣು ಒಳಕ್ಕೆ ಸರಿಯಿತು. ಸಂದಿಯಲ್ಲಿ ಐದು ಬೆರಳು ಕಂಡವು.

ಅರಸ ಎದ್ದು ಬಂದು ಹಗ್ಗಕ್ಕೆ ಕೈ ಹಾಕಿದ. "ಹಿಡೀರಿ" ಎಂದ.

"ಮಹಾಸ್ವಾಮಿ, ಕಟ್ಟಳೆ..."

"ಅಪ್ಪಣೆ ನನ್ನದು. ತಪ್ಪೂ ನನ್ನದು. ಅವನ ಬಾಯಿ ಏನಾದರೂ ಹೇಳಲಿ, ನಾನು ಹಿಡೀರಿ ಅಂತಿದೀನಿ. ಹಿಡೀರಿ!"

ಜೀವನದಲ್ಲಿ ಮೊದಲ ಸಲ ಕಡೆಯ ಮಾತು ಅವನದಾಗಿತ್ತು. ನೂರಾರು ಕೈ ಒಟ್ಟಿಗೆ ಎಳೆದವು. ಬಾಗಿಲು ಕೂಡಿಕೊಂಡಿತು. ಒಳಗೆ ಓಡುವ ಹೆಜ್ಜೆ, ಒಂದು ಕೂಗು, ಅರ್ಧದಲ್ಲಿ ನಿಂತ ಕೂಗು. ಆಮೇಲೆ ಕೆರೆಯ ಕಡೆಯಿಂದ ಕಪ್ಪೆಯೊಂದು ಕೂಗಿದ್ದೂ ಕೇಳುವಷ್ಟು ಮೌನ.

ಹೊತ್ತು ಮುಳುಗುವ ಮುಂಚೆ ಬಾಗಿಲು ತೆರೆದರು. ಹೊಸ್ತಿಲ ಹತ್ತಿರ ಒಂದು ಕೊಡೆ ಬಿದ್ದಿತ್ತು. ಬೀದಿಗಳಲ್ಲಿ, ಜಗಲಿಗಳಲ್ಲಿ, ಕೆರೆಯ ದಂಡೆಯಲ್ಲಿ, ನೆರಳಿಗೆ ತುತ್ತಾಗಿದ್ದವರೆಲ್ಲ ಮಧ್ಯಾಹ್ನದ ನಿದ್ದೆಯಿಂದ ಎದ್ದವರಂತೆ ಕೂತು ಕುಡಿಯಲು ನೀರು ಕೇಳುತ್ತಿದ್ದರು. ಅಗಸ ಇದ್ದ, ಅರಸನ ತಾಯಿ ಇದ್ದಳು, ಬೊಮ್ಮಯ್ಯ ಇದ್ದ. ಹೆಸರು ಕಳೆದುಕೊಂಡವರಿಗೆ ಹೆಸರು, ನೆರಳು ಕಳೆದುಕೊಂಡವರಿಗೆ ನೆರಳು ಬಂತು. ಅಲ್ಲಿ ಹೇಗಿತ್ತು ಎಂದು ಕೇಳಿದರೆ, "ತಣ್ಣಗಿತ್ತು" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಆ ವರ್ಷವಿಡೀ ಅವರು ಬಿಸಿಲು ಬಿಟ್ಟು ನೆರಳಿಗೆ ಹೋಗಲಿಲ್ಲ.

ಬೊಮ್ಮಯ್ಯ ನಿಜವಾದ ಬಾಯಲ್ಲಿ ಮೂರು ಅಪ್ಪಣೆಗಳನ್ನು ಹಿಂದಕ್ಕೆ ಪಡೆದ. ನಾಲ್ಕನೆಯದನ್ನು ಅರಸನೇ ಬೀದಿಯಲ್ಲಿ ನಿಂತು ಹೇಳಿದ. ಇನ್ನು ಮುಂದೆ ಜನರ ಜೀವಕ್ಕೆ ಮುಳುವಾದ ಅಪ್ಪಣೆಯನ್ನು ಯಾರು ಬೇಕಾದರೂ ಬಂದು ತನ್ನ ಮುಖದೆದುರು ಪ್ರಶ್ನಿಸಬಹುದು. ಬಾಗಿಲು ತೆಗೆದ ತಪ್ಪಿಗೆ ಮಾಚನನ್ನು ಕಿಲ್ಲೇದಾರನನ್ನಾಗಿ ಮಾಡಿದ. ಕೆಂಗಲ್ಲುಕೋಟೆಯಲ್ಲಿ ಮಳೆ ಬೆಳೆ ಚೆನ್ನಾಗಿ ಆಯಿತು, ಜನ ಉಂಡುಟ್ಟು ನೆಮ್ಮದಿಯಾಗಿ ಬಾಳಿದರು, ಕತೆ ಹೇಳುವ ನನಗೂ ಅವರ ಸುದ್ದಿ ಅಷ್ಟೇ ಗೊತ್ತು.

ಅಷ್ಟೇ ಎಂದೆ, ಆದರೆ ಇನ್ನೊಂದು ಮಾತಿದೆ. ಅದನ್ನು ಹೇಳದಿದ್ದರೆ ಕತೆ ಸುಳ್ಳಾಗುತ್ತದೆ.

ಆ ಸಂಜೆ ಮನೆಯಲ್ಲಿ ಮಾಚ ಬಿಸಿನೀರು ಕಾಯಿಸಿ ದೇಮವ್ವನ ಊದಿದ ಕೈಗಳಿಗೆ ಶಾಖ ಕೊಡುತ್ತಿದ್ದ. ಸಣ್ಣಿ ಅವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ಒಂದು ಕೇಳ್ತೀನಿ" ಎಂದಳು ದೇಮವ್ವ. "ನಾನು ಮನೆ ಬಾಗಿಲು ಬಡಿಯೋ ಹಾಗೇ ಬಡೀತಿದ್ದೆ. ಎರಡು ಸಲ ಬಡಿದು, ಒಂದು ಗಳಿಗೆ ಬಿಟ್ಟು, ಮತ್ತೊಂದು ಸಲ. ನಾನೇ ಅಂತ ಗುರುತು ಹತ್ತಲಿಲ್ವಾ ನಿಮಗೆ?"

ಮರ ದಪ್ಪ ಎನ್ನಬಹುದಿತ್ತು. ಕಿವಿಯಲ್ಲಿ ಅರಳೆ ಇತ್ತು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

"ಹತ್ತಿತ್ತು" ಎಂದ ಮಾಚ.

"ಯಾವತ್ತು?"

"ಮೊದಲನೇ ದಿನಾನೇ."

ದೇಮವ್ವ ಅವನ ಮುಖ ನೋಡಿದಳು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಡೆಗೆ, "ಇವಳು ದೊಡ್ಡೋಳಾದ ಮೇಲೆ ನೀವೇ ಹೇಳಿ. ನನ್ನ ಬಾಯಲ್ಲಿ ಬರಲ್ಲ" ಎಂದು ಮಗಳ ಕಡೆ ತೋರಿಸಿದಳು.

ಮಾಚ ಹೇಳಿದ. ಮಗಳಿಗೆ ಹೇಳಿದ. ಆಮೇಲೆ ಹೆಬ್ಬಾಗಿಲ ಕಾವಲಿಗೆ ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಮೊದಲ ಪಾಳಿಯ ದಿನ ಹೇಳಿದ. ಆತುರವಿದ್ದರೆ ಕತ್ತೆಕಿರುಬವನ್ನು ಬಿಡುತ್ತಿದ್ದ, ಉಡವನ್ನು ಬಿಡುತ್ತಿದ್ದ, ಅರಸನ ಪ್ರಾಣ ಉಳಿಸಿದ್ದನ್ನೂ ಬಿಡುತ್ತಿದ್ದ. ಆ ಮೊದಲನೇ ದಿನವನ್ನು ಮಾತ್ರ ಒಮ್ಮೆಯೂ ಬಿಡಲಿಲ್ಲ.